ಪೇಷೆಂಟ್ ಮಾನಿಟರ್‌ಗೆ ವೈಫೈ ಸಾಕಾ, ಕೇಬಲ್ಲೇ ಬೇಕಾ?

ಚಿಕ್ಕಮಗಳೂರಿನಲ್ಲಿ ನಮ್ಮದೊಂದು ಸಣ್ಣ ನರ್ಸಿಂಗ್ ಹೋಮ್. ಆರು ಬೆಡ್‌ಗೆ ಹೊಸ ಮಾನಿಟರ್ ತಂದಿದ್ದೇವೆ. ಆರೂ ಬೆಡ್‌ನ ರೀಡಿಂಗ್ ಸಿಸ್ಟರ್‌ಗಳ ಟೇಬಲ್ ಮೇಲಿನ ಸ್ಕ್ರೀನ್‌ನಲ್ಲಿ ಕಾಣಬೇಕು. ವೈಫೈ ಹಾಕಿಸಿದೆವು. ಒಮ್ಮೊಮ್ಮೆ ಒಂದೆರಡು ಬೆಡ್ ಮಾಯ, ಒಮ್ಮೊಮ್ಮೆ ಎಲ್ಲವೂ ಮಾಯ. ಮಾನಿಟರ್ ಹಿಂದೆ ಇಷ್ಟೊಂದು ಸಾಕೆಟ್ ಇವೆ, ಯಾವುದು ಯಾತಕ್ಕೆ ಅಂತಲೂ ಗೊತ್ತಿಲ್ಲ. ಅನುಭವ ಇದ್ದವರು ಹೇಳಿ.

ಹಾಸನದಿಂದ, ಬಯೋಮೆಡಿಕಲ್ ಟೆಕ್ನಿಷಿಯನ್:
ಸರ್, ಮೊದಲು ಸಾಕೆಟ್‌ಗಳನ್ನು ಮುಗಿಸೋಣ. ಸಾಮಾನ್ಯವಾಗಿ ಪಕ್ಕದಲ್ಲಿರುವುದು ರೋಗಿಯ ಕಡೆಗೆ: ಇಸಿಜಿ, ಬೆರಳಿನ ಆಕ್ಸಿಜನ್ ಕ್ಲಿಪ್, ಬಿಪಿ ಪಟ್ಟಿಯ ಗಾಳಿ ಪೈಪು, ಟೆಂಪರೇಚರ್. ಹಿಂದಿರುವುದು ಹೊರಗಿನ ಕಡೆಗೆ: ಕರೆಂಟ್, ನೆಟ್‌ವರ್ಕ್ ಕೇಬಲ್, ಕೆಲವು ಮಾಡೆಲ್‌ಗಳಲ್ಲಿ ಯುಎಸ್‌ಬಿ, ನರ್ಸ್ ಕಾಲ್ (ಸಿಸ್ಟರ್‌ಗಳನ್ನು ಕರೆಯುವ ವ್ಯವಸ್ಥೆಗೆ). ಒಂಟಿ ಲೋಹದ ಪಿನ್ ಇರುತ್ತಲ್ಲ, ಅದು ಆ ಬೆಡ್‌ನ ಯಂತ್ರಗಳನ್ನೆಲ್ಲ ಒಂದೇ ಅರ್ಥಿಂಗ್‌ಗೆ ಸೇರಿಸಲು. ನಾನು ಹೋದ ಕಡೆಯಲ್ಲೆಲ್ಲ ಅದು ಖಾಲಿಯೇ ಇರುತ್ತದೆ! ಯುಎಸ್‌ಬಿಗೆ ಮೊಬೈಲ್ ಚಾರ್ಜಿಗೆ ಹಾಕಲು ಯಾರನ್ನೂ ಬಿಡಬೇಡಿ.

ವೈಫೈ ವಿಷಯಕ್ಕೆ ಬಂದರೆ, ಇಂಟರ್ನೆಟ್ ಸ್ಪೀಡ್ ಜಾಸ್ತಿ ಮಾಡಿಸಿ ಸುಮ್ನೆ ದುಡ್ಡು ಕಳೆಯಬೇಡಿ. ಮಾನಿಟರ್ ಕಳಿಸುವ ಡೇಟಾ ಒಂದು ವಿಡಿಯೋದ ಮುಂದೆ ಏನೂ ಅಲ್ಲ, ಅದೂ ಕಟ್ಟಡದೊಳಗೇ ಓಡಾಡುತ್ತದೆ. ಬೇಕಾದ್ದು ವೇಗವಲ್ಲ, ನಡುವೆ ಕಡಿಯದ ದಾರಿ. ವೈಫೈಯ 2.4 ಗಿಗಾಹರ್ಟ್ಸ್ ರೇಡಿಯೋ ಬ್ಯಾಂಡ್‌ನಲ್ಲಿ ಒಂದಕ್ಕೊಂದು ತಾಗದ ಚಾನಲ್ ಮೂರೇ: 1, 6, 11. ಅಲ್ಲೇ ಎಲ್ಲರ ಮೊಬೈಲು, ಬ್ಲೂಟೂತು, ಮೈಕ್ರೋವೇವ್ ಒಲೆ ಕೂಡ ನುಗ್ಗುತ್ತವೆ. ಮಾನಿಟರ್ 5 ಗಿಗಾಹರ್ಟ್ಸ್ ಹಿಡಿದರೆ ಅದಕ್ಕೆ ಬದಲಿಸಿ. ಆದರೆ ಅದು ಗೋಡೆ ದಾಟುವುದು ಕಮ್ಮಿ, ವಾರ್ಡಿನೊಳಗೇ ಆಕ್ಸೆಸ್ ಪಾಯಿಂಟ್ (ವೈಫೈ ಡಬ್ಬಿ) ಬೇಕು. ರೋಗಿಗಳ ಕಡೆಯವರಿಗೆ ಕೊಟ್ಟ ವೈಫೈಯಲ್ಲೇ ಮಾನಿಟರ್ ಇದ್ದರೆ ಇವತ್ತೇ ಬೇರೆ ಮಾಡಿ.

ಇನ್ನೊಂದು. ಒಂದು ಕಡೆ ಎರಡು ದಿನ ವೈಫೈಗೆ ಬೈದುಕೊಂಡು ಕೂತಿದ್ದೆ. ಕೊನೆಗೆ ನೋಡಿದರೆ ಎರಡು ಮಾನಿಟರ್‌ಗೆ ಒಂದೇ ಐಪಿ ಅಡ್ರೆಸ್, ಅಂದರೆ ನೆಟ್‌ವರ್ಕ್‌ನಲ್ಲಿ ಯಂತ್ರವನ್ನು ಗುರುತಿಸುವ ನಂಬರ್. ಒಂದು ಬಂದರೆ ಇನ್ನೊಂದು ಹೋಗುತ್ತಿತ್ತು.

ಮೂಡಿಗೆರೆಯಿಂದ, ಸ್ಟಾಫ್ ನರ್ಸ್:
ಎಲ್ಲ ಬೆಡ್ ಒಟ್ಟಿಗೆ ಮಾಯವಾದರೆ ಕರೆಂಟ್ ನೋಡಿ ಸರ್. ಮಳೆಗಾಲದಲ್ಲಿ ನಮಗೆ ಇದೇ ಗೋಳು. ಮಾನಿಟರ್‌ಗೆ ಒಳಗೇ ಬ್ಯಾಟರಿ ಇದೆ, ವೈಫೈ ಡಬ್ಬಿಗೆ ಇಲ್ಲ. ಜನರೇಟರ್ ಶುರುವಾದರೂ ಡಬ್ಬಿ ಮತ್ತೆ ಎದ್ದು ನಿಲ್ಲಲು ಎರಡು ಮೂರು ನಿಮಿಷ. ಅಷ್ಟು ಹೊತ್ತು ಬೆಡ್ ಹತ್ತಿರ ಮಾತ್ರ ಅಲಾರಂ. ರಾತ್ರಿ ಅಂತ ಅದರ ಸೌಂಡ್ ಕಮ್ಮಿ ಮಾಡಿಟ್ಟಿದ್ದರೆ ಮುಗೀತು. ನಾವು ಡಬ್ಬಿಗೆ ಯುಪಿಎಸ್ ಕೊಡಿಸಿಕೊಂಡೆವು.

ಆಕ್ಸಿಜನ್ ನಂಬರ್ ಮಾತ್ರ ಆಗಾಗ ಹೋದರೆ ಅದು ನೆಟ್‌ವರ್ಕ್ ಅಲ್ಲ. ಕ್ಲಿಪ್ ಹಾಕಿದ ಕೈಗೇ ಬಿಪಿ ಪಟ್ಟಿ ಕಟ್ಟಿರುತ್ತಾರೆ, ಅದು ಬಿಗಿದಾಗ ಬೆರಳಿಗೆ ರಕ್ತ ಹೋಗಲ್ಲ. ಇನ್ನೊಂದು ಕೈಗೆ ಹಾಕಿ.

ಕೇಳಿದವರು:
ಐಪಿ ಆರೂ ಬೇರೆ ಬೇರೆ ಇವೆ. ಯುಪಿಎಸ್ ಇರಲಿಲ್ಲ ಮೇಡಂ, ತರಲು ಹೇಳಿದ್ದೇನೆ. ಹೇಳಲು ಮರೆತಿದ್ದೆ, ಆಗಾಗ ಮಾಯವಾಗುವ ಎರಡು ಬೆಡ್ ಎಕ್ಸ್‌ರೇ ರೂಮಿನ ಆಚೆ ಬದಿ.

ಹಾಸನದಿಂದ:
ಅದನ್ನು ಮೊದಲೇ ಹೇಳಬಾರದಿತ್ತಾ ಸರ್! ಆ ಗೋಡೆಗೆ ಸೀಸದ ಹಾಳೆ ಹೊಡೆಸಿರಬಹುದು, ಹಾಗಿದ್ದರೆ ವೈಫೈ ಅದನ್ನು ದಾಟಲ್ಲ. ಆ ಎರಡಕ್ಕೂ ಕೇಬಲ್ ಎಳೆಸಿಬಿಡಿ. ಬೆಡ್ ಜಾಗ ಬಿಟ್ಟು ಕದಲಲ್ಲ ಅಂದರೆ ಆರಕ್ಕೂ.