ಮಗಳಿಗೆ ಸಿಂಗಳೀಕ ಕೋತಿ ನೋಡಬೇಕಂತೆ, ಕುದುರೆಮುಖಕ್ಕೆ ಹೋಗಿ ಬಂದವರು ಹೇಳಿ

ನಾವು ಹಾಸನದವರು. ಅಮ್ಮ ಮತ್ತು ಹತ್ತು ವರ್ಷದ ಮಗಳ ಜೊತೆ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಹೊರಟಿದ್ದೇವೆ. ಅಮ್ಮನಿಗೆ ಮಂಡಿನೋವು, ಜಾಸ್ತಿ ನಡೆಯಲಾರರು. ಯಾವಾಗ ಹೋದರೆ ಒಳ್ಳೇದು? ಸಿಂಗಳೀಕ ಕಾಣುತ್ತಾ?

ಕಳಸದಿಂದ:
ನಮ್ಮ ತೋಟ ಇಲ್ಲೇ ಹತ್ತಿರ. ಮೊದಲೇ ಹೇಳಿಬಿಡುತ್ತೇನೆ ಮೇಡಂ, ನಾಗರಹೊಳೆ ಥರ ಜೀಪಲ್ಲಿ ಕೂತು ಪ್ರಾಣಿ ನೋಡುವ ಜಾಗ ಇದಲ್ಲ. ಸಿಂಗಳೀಕ ನೆಲಕ್ಕಿಳಿಯುವುದೇ ಅಪರೂಪ. ಅದರ ಊಟ, ಓಡಾಟ, ನಿದ್ದೆ ಎಲ್ಲ ದಟ್ಟ ಕಾಡಿನ ಎತ್ತರದ ಮರಗಳಲ್ಲೇ. ಗಾಳಿಯಿಲ್ಲದಿದ್ದರೂ ಒಂದೇ ಕಡೆ ಕೊಂಬೆ ಅಲ್ಲಾಡುತ್ತಿದ್ದರೆ, ಅರ್ಧ ಕಚ್ಚಿದ ಹಣ್ಣು ಉದುರುತ್ತಿದ್ದರೆ, ಮಾತು ನಿಲ್ಲಿಸಿ ಮೇಲೆ ನೋಡಿ. ಕೆಂಜಳಿಲೂ ಇರಬಹುದು, ಅದೂ ಚೆಂದವೇ. ಕಪ್ಪು ಮೈ, ಮುಖದ ಸುತ್ತ ಬೂದು ಬಣ್ಣದ ಕೇಸರ, ಬಾಲದ ತುದಿಗೆ ಕುಚ್ಚು ಇದ್ದರೆ ಸಿಂಗಳೀಕವೇ. ಪಶ್ಚಿಮ ಘಟ್ಟ ಬಿಟ್ಟು ಬೇರೆ ಯಾವ ಕಾಡಲ್ಲೂ ಇದಿಲ್ಲ. ದಯವಿಟ್ಟು ಯಾವ ಕೋತಿಗೂ ಬಿಸ್ಕತ್ತು, ಬಾಳೆಹಣ್ಣು ಹಾಕಬೇಡಿ. ರುಚಿ ಹತ್ತಿದರೆ ರಸ್ತೆಗೇ ಬಂದು ಕೂರುತ್ತವೆ, ಗಾಡಿಗೆ ಸಿಕ್ಕಿ ಸಾಯುತ್ತವೆ.

ಮೂಡಿಗೆರೆಯಿಂದ:
ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಕಳಸದ ಮೇಲೆ ಬನ್ನಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದೇ ಮುಂದೆ ಹೋಗಿ. ಮಳೆಗಾಲ ಬೇಡ, ರಕ್ತ ಹೀರುವ ಉಂಬಳದ (ಜಿಗಣೆ) ಕಾಟ ತಡೆಯೋಕಾಗಲ್ಲ. ಅಕ್ಟೋಬರ್ ಕೊನೆಯಿಂದ ಜನವರಿವರೆಗೆ ಚೆನ್ನಾಗಿರುತ್ತೆ. ಆಗಲೂ ಉಂಬಳ ಬಿಡಿಸೋಕೆ ಒಂದು ಪೊಟ್ಟಣ ಉಪ್ಪು ಜೊತೆಗಿರಲಿ. ಚೆಕ್‌ಪೋಸ್ಟಲ್ಲಿ ಗಾಡಿಗೆ ಸಮಯ ಬರೆದ ಚೀಟಿ ಕೊಡುತ್ತಾರೆ, ಕಂಡಕಂಡಲ್ಲಿ ನಿಲ್ಲಿಸುವಂತಿಲ್ಲ. ಹನುಮನಗುಂಡಿ ಜಲಪಾತಕ್ಕೆ ಮೆಟ್ಟಿಲು ಇಳಿಯಬೇಕು, ಅಮ್ಮನಿಗೆ ಬೇಡ. ಕದಂಬಿ ಜಲಪಾತ ರಸ್ತೆ ಪಕ್ಕದಲ್ಲೇ ಇದೆ, ಕಾರಲ್ಲಿ ಕೂತೇ ಕಾಣುತ್ತೆ.

ಚಿಕ್ಕಮಗಳೂರಿನಿಂದ:
ಮಗಳಿಗೆ ಈ ಕಾಡು ಹೇಗೆ ಉಳಿಯಿತು ಅಂತಲೂ ಹೇಳಿ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1980ರ ದಶಕದಲ್ಲಿ ಇಲ್ಲಿ ಸಿಂಗಳೀಕಗಳ ಸಮೀಕ್ಷೆ ಮಾಡಿದ್ದರು. 1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಅದರ ನಡುವೆಯೇ ಕಬ್ಬಿಣದ ಅದಿರಿನ ಗಣಿ ನಡೆಯುತ್ತಿತ್ತು. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಬೆಟ್ಟಸಾಲು ಇದು, ಅಲ್ವಾ? ಜನ ಹೋರಾಡಿದರು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಅದಿರು ತೊಳೆದ ಹೂಳು ಇವತ್ತಿಗೂ ಲಕ್ಯಾ ಅಣೆಕಟ್ಟಿನ ಹಿಂದೆ ಕೂತಿದೆ. ಇದನ್ನು ಮಕ್ಕಳಿಗೆ ಹೇಳಲೇಬೇಕು.

ಮತ್ತೆ ಕಳಸದಿಂದ:
ಮಗಳಿಗೆ ಚಾರಣದ ಆಸೆ ಇದ್ದರೆ ಕುದುರೆಮುಖ ಶಿಖರ ಈಗಲೇ ಬೇಡ, ಹೋಗಿ ಬರಲು ಸುಮಾರು 20 ಕಿಲೋಮೀಟರ್. ಕುರಿಂಜಾಲು ಬೆಟ್ಟ ಅದಕ್ಕಿಂತ ಸುಲಭ. ಅರಣ್ಯ ಇಲಾಖೆಯ ಅನುಮತಿಯನ್ನು ಆನ್‌ಲೈನಲ್ಲಿ ಮೊದಲೇ ಪಡೆಯಬೇಕು. ಶನಿವಾರ ಭಾನುವಾರ ಸಿಗೋದು ಕಷ್ಟ, ವಾರದ ನಡುವೆ ನೋಡಿ. ಆ ದಿನ ಅಮ್ಮ ಕಳಸೇಶ್ವರನ ದರ್ಶನ ಮಾಡಿಕೊಂಡು ಊರಲ್ಲೇ ಆರಾಮಾಗಿ ಇರಲಿ.