ಪದಚರ್ಚೆ: ದೂರು ಕೊಟ್ಟವರ ಮೇಲೆ ತೀರಿಸಿಕೊಳ್ಳುವುದು ‘ಸೇಡು’ ಹೇಗಾಗುತ್ತದೆ?

ಬಳಗದ ಎಲ್ಲರಿಗೂ ನಮಸ್ಕಾರ.

ನನಗೊಂದು ಪದ ಬೇಕಾಗಿದೆ: ಕಚೇರಿಯೊಳಗಿನ ಅಕ್ರಮವನ್ನು ಹೊರಗೆ ತಿಳಿಸಿದವರನ್ನು, ತಿಳಿಸಿದ ಕಾರಣಕ್ಕೆ ಮೇಲಿನವರು ಶಿಕ್ಷಿಸುವುದಕ್ಕೆ ಕನ್ನಡದಲ್ಲಿ ಏನೆನ್ನಬೇಕು? ನಿಘಂಟಿನಲ್ಲಿ ಸಿಗುವ ಪದಗಳನ್ನೆಲ್ಲ ಇಟ್ಟು ನೋಡಿದೆ, ಒಂದೂ ಸರಿಯಾಗಿ ಕೂರುತ್ತಿಲ್ಲ. ವಿಷಯ ಸ್ವಲ್ಪ ಉದ್ದವಿದೆ, ತಾಳ್ಮೆಯಿಂದ ಓದಬೇಕು.

ನಾನಿರುವುದು ಅಮೆರಿಕದ ಟೆಕ್ಸಸ್‌ನಲ್ಲಿ, ಡಲ್ಲಾಸ್ ನಗರದ ಉತ್ತರಕ್ಕೆ. ಇಲ್ಲಿ ಪೌರತ್ವ ಪಡೆದು ಮಕ್ಕಳ ಜೊತೆ ನೆಲೆಸಿರುವ ಹಿರಿಯ ಕನ್ನಡಿಗರಿದ್ದಾರೆ. ತಪ್ಪದೆ ಮತ ಹಾಕುತ್ತಾರೆ, ಆದರೆ ಇಲ್ಲಿನ ಪತ್ರಿಕೆಗಳ ಕಾನೂನು ಇಂಗ್ಲಿಷು ಅವರಿಗೆ ತ್ರಾಸ. ಅವರಿಗಾಗಿ ನಾವು ನಾಲ್ಕೈದು ಜನ ಸೇರಿ ಸ್ಪರ್ಧಿಗಳ ಬಗ್ಗೆ ಕನ್ನಡದಲ್ಲಿ ಒಂದೊಂದು ಪುಟದ ಟಿಪ್ಪಣಿ ಬರೆಯುತ್ತೇವೆ. ಯಾರ ಪರವೂ ಅಲ್ಲ, ಯಾರ ವಿರುದ್ಧವೂ ಅಲ್ಲ. ಅಮೆರಿಕದ ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಸ್ಥಾನಕ್ಕೆ ಇಳಿದಿರುವ ಕೆನ್ ಪ್ಯಾಕ್ಸ್ಟನ್ ಅವರ ಪುಟ ನನ್ನ ಪಾಲಿಗೆ ಬಂತು.

ಸಂಗತಿ ಹೀಗಿದೆ. ಪ್ಯಾಕ್ಸ್ಟನ್ 2015ರಿಂದ ಟೆಕ್ಸಸ್‌ನ ಅಟಾರ್ನಿ ಜನರಲ್, ಅಂದರೆ ರಾಜ್ಯದ ಮುಖ್ಯ ಕಾನೂನು ಅಧಿಕಾರಿ. 2020ರ ಸೆಪ್ಟೆಂಬರ್ ಕೊನೆಯಲ್ಲಿ ಅವರದೇ ಕಚೇರಿಯ ಎಂಟು ಮಂದಿ ಹಿರಿಯ ಅಧಿಕಾರಿಗಳು ಕೇಂದ್ರ ತನಿಖಾ ಸಂಸ್ಥೆಯಾದ ಎಫ್‌ಬಿಐಗೆ ಹೋಗಿ, ತಮ್ಮ ಮೇಲಧಿಕಾರಿ ಆಸ್ಟಿನ್‌ನ ರಿಯಲ್ ಎಸ್ಟೇಟ್ ಉದ್ಯಮಿ ನೇಟ್ ಪಾಲ್ ಎಂಬವರಿಗೆ ಅನುಕೂಲ ಮಾಡಿಕೊಡಲು ಅಧಿಕಾರ ದುರುಪಯೋಗ ಮಾಡುತ್ತಿದ್ದಾರೆ, ಲಂಚದ ವಾಸನೆಯಿದೆ ಎಂದು ತಿಳಿಸಿದರು. ಆ ಉದ್ಯಮಿ 2018ರಲ್ಲಿ ಪ್ಯಾಕ್ಸ್ಟನ್ ಅವರ ಚುನಾವಣಾ ನಿಧಿಗೆ 25,000 ಡಾಲರ್ ಕೊಟ್ಟಿದ್ದರು. ನವೆಂಬರ್ ನಡುವಿನ ಹೊತ್ತಿಗೆ ಆ ಎಂಟು ಜನರಲ್ಲಿ ಕೆಲವರು ರಾಜೀನಾಮೆ ಕೊಟ್ಟು ಹೊರನಡೆದಿದ್ದರು, ಕೆಲವರು ವಜಾ ಆಗಿದ್ದರು. ನಾಲ್ವರು ಕೋರ್ಟಿಗೆ ಹೋದರು. ಪ್ಯಾಕ್ಸ್ಟನ್ ಮೊದಲಿನಿಂದಲೂ ಎಲ್ಲವನ್ನೂ ಅಲ್ಲಗಳೆಯುತ್ತ ಬಂದಿದ್ದಾರೆ.

ನನ್ನ ಮೊದಲ ಕರಡಿನಲ್ಲಿ ಈ ವಾಕ್ಯವಿತ್ತು: ‘ದೂರು ಕೊಟ್ಟ ಅಧಿಕಾರಿಗಳ ಮೇಲೆ ಸೇಡು ತೀರಿಸಿಕೊಂಡ ಆರೋಪ ಇವರ ಮೇಲಿದೆ.’ ಯಾವ ಕನ್ನಡ ಪತ್ರಿಕೆಯಲ್ಲಾದರೂ ಹೀಗೇ ಬರುತ್ತದೆ. ಅದನ್ನು ನಮ್ಮ ತಂದೆಗೆ ಓದಲು ಕೊಟ್ಟೆ. (ಮನೆಯಲ್ಲಿ ನಾವು ಅವರನ್ನು ಅಣ್ಣ ಎನ್ನುತ್ತೇವೆ.) ಅಣ್ಣ ಕರ್ನಾಟಕದಲ್ಲಿ ಸರ್ಕಾರಿ ನೌಕರಿ ಮಾಡಿ ನಿವೃತ್ತರಾದವರು. ಓದಿ, ಕನ್ನಡಕ ತೆಗೆದಿಟ್ಟು ಕೇಳಿದರು: ‘ಇವರು ಅವನಿಗೇನು ಕೆಟ್ಟದ್ದು ಮಾಡಿದ್ರು ಅಂತ ಸೇಡು? ಸೇಡು ಅಂದ್ರೆ ಮೊದಲು ಒಂದು ಪೆಟ್ಟು ಬಿದ್ದಿರಬೇಕಲ್ವೇನೋ?’

ಆ ಪ್ರಶ್ನೆ ಕೇಳಿದ ಮೇಲೆ ಆ ವಾಕ್ಯವನ್ನು ಹಾಗೇ ಬಿಡಲು ನನಗೆ ಮನಸ್ಸಾಗಿಲ್ಲ.

ಅವರು ಹೇಳಿದ್ದು ಸರಿ. ಸೇಡು, ಹಗೆ, ಮುಯ್ಯಿ, ಪ್ರತೀಕಾರ, ಎಲ್ಲವೂ ಒಂದು ಲೆಕ್ಕ ಚುಕ್ತಾ ಮಾಡುವ ಪದಗಳು. ಮುಯ್ಯಿಯನ್ನೇ ನೋಡಿ. ಮದುವೆಯಲ್ಲಿ ಅವರು ನಮಗೆ ಮಾಡಿದ್ದಕ್ಕೆ ನಾವು ಅವರ ಮನೆ ಮದುವೆಯಲ್ಲಿ ಮಾಡುವುದು ಮುಯ್ಯಿ. ಇವತ್ತು ನಿಮ್ಮ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀವು ಬಂದರೆ ಮುಯ್ಯಾಳು. ಏಟಿಗೆ ಏಟು ಕೊಟ್ಟರೆ ಅದೂ ಮುಯ್ಯಿಯೇ. ಪದದೊಳಗೇ ‘ಅವನು ಮೊದಲು ಕೊಟ್ಟ, ಇವನು ಆಮೇಲೆ ಹಿಂದಿರುಗಿಸಿದ’ ಎಂಬ ನ್ಯಾಯ ಕೂತಿದೆ. ಪ್ರತೀಕಾರವಂತೂ ಸಂಸ್ಕೃತದಲ್ಲಿ ಪರಿಹಾರ, ಚಿಕಿತ್ಸೆ ಎಂಬ ಅರ್ಥವನ್ನೂ ಹೊತ್ತ ಪದ. ರೋಗಕ್ಕೆ ಪ್ರತೀಕಾರ, ಕೇಡಿಗೆ ಪ್ರತೀಕಾರ. ಹಾಗಾದರೆ ಅಕ್ರಮ ನಡೆದಿದೆ ಎಂದು ತಿಳಿಸಿದ್ದು ಕೇಡೇ? ‘ದೂರು ಕೊಟ್ಟವರ ಮೇಲೆ ಸೇಡು’ ಎಂದು ಬರೆದ ಗಳಿಗೆಯಲ್ಲೇ, ದೂರು ಕೊಟ್ಟದ್ದು ಒಂದು ಪೆಟ್ಟು ಎಂದು ನಾವು ಒಪ್ಪಿಕೊಂಡಂತಾಯಿತು. ಕಾನೂನು ಹೇಳುವುದು ತದ್ವಿರುದ್ಧ: ಇವರು ಮಾಡಿದ್ದು ತಪ್ಪಲ್ಲ, ಕರ್ತವ್ಯ, ಅದಕ್ಕಾಗಿ ಶಿಕ್ಷೆ ಕೊಡುವುದೇ ತಪ್ಪು.

ಎರಡನೆಯ ತೊಡಕು ವ್ಯಾಕರಣದ್ದು. ‘ಸೇಡು ತೀರಿಸಿಕೊಳ್ಳು’ ಎನ್ನುವಲ್ಲಿ ಆ ‘ಕೊಳ್ಳು’ ಇದೆಯಲ್ಲ, ಅದು ತನ್ನ ಮನಸ್ಸಿನ ತೃಪ್ತಿಗೆ ಮಾಡಿದ ಕೆಲಸ ಎಂದು ಹೇಳುತ್ತದೆ. ಸೇಡು ತೀರಿಸಿಕೊಳ್ಳಲು ಒಂದು ಎದೆ ಬೇಕು, ಅದರಲ್ಲಿ ಉರಿ ಬೇಕು. ಆದರೆ ಈ ಮೊಕದ್ದಮೆಯಲ್ಲಿ ಪ್ರತಿವಾದಿ ಒಬ್ಬ ಮನುಷ್ಯನಲ್ಲ, ಅಟಾರ್ನಿ ಜನರಲ್ ಕಚೇರಿ. 2025ರ ಏಪ್ರಿಲ್ 4ರಂದು ಆಸ್ಟಿನ್‌ನ ಟ್ರಾವಿಸ್ ಕೌಂಟಿ ನ್ಯಾಯಾಧೀಶರು, ಆ ಕಚೇರಿ ಕಾನೂನು ಉಲ್ಲಂಘಿಸಿದ್ದು ರುಜುವಾತಾಗಿದೆ ಎಂದು ಹೇಳಿ ನಾಲ್ವರಿಗೆ ಒಟ್ಟು 66 ಲಕ್ಷ ಡಾಲರ್ ಕೊಡಬೇಕೆಂದು ತೀರ್ಪಿತ್ತರು. ಅದಾಗಿ ನಾಲ್ಕೇ ದಿನಕ್ಕೆ, ಏಪ್ರಿಲ್ 8ರಂದು, ಪ್ಯಾಕ್ಸ್ಟನ್ ತಮ್ಮದೇ ಪಕ್ಷದ ಹಾಲಿ ಸೆನೆಟರ್ ಜಾನ್ ಕಾರ್ನಿನ್ ಎದುರು ಸ್ಪರ್ಧೆ ಘೋಷಿಸಿದರು. ಈಗ ‘ಕಚೇರಿ ಸೇಡು ತೀರಿಸಿಕೊಂಡಿತು’ ಎಂದು ಬರೆದು ಓದಿ ನೋಡಿ. ಕಚೇರಿಗೆಲ್ಲಿಯ ಸೇಡು? ‘ಪ್ಯಾಕ್ಸ್ಟನ್ ಸೇಡು ತೀರಿಸಿಕೊಂಡರು’ ಎಂದರೆ ತೀರ್ಪು ಹೇಳದ್ದನ್ನು ನಾನು ಹೇಳಿದಂತೆ. ಅದು ಅವರಿಗೆ ಮಾಡುವ ಅನ್ಯಾಯ.

ಇನ್ನೊಂದು ವಿಚಿತ್ರವೆಂದರೆ ನಮ್ಮಲ್ಲಿ ಸೇಡು ಈಗ ಆರೋಪ ಹೊತ್ತವರ ಬಾಯಲ್ಲಿ ಹೆಚ್ಚು ಕೇಳುತ್ತದೆ. ಯಾರ ಮನೆ ಮೇಲೆ ದಾಳಿಯಾದರೂ ಮರುದಿನ ಬರುವ ಮಾತು ‘ಇದು ಸೇಡಿನ ರಾಜಕಾರಣ’. ಪ್ಯಾಕ್ಸ್ಟನ್ ಅವರದೂ ಅದೇ ವಾದ. 2023ರ ಮೇ 27ರಂದು ಟೆಕ್ಸಸ್‌ನ ಕೆಳಮನೆ 121–23 ಮತಗಳಿಂದ ಅವರ ಮೇಲೆ ಇಂಪೀಚ್‌ಮೆಂಟ್ (ಅಧಿಕಾರದಿಂದ ಇಳಿಸಲು ಶಾಸನಸಭೆ ಹೊರಿಸುವ ಆರೋಪ) ಅಂಗೀಕರಿಸಿತು. ಸೆಪ್ಟೆಂಬರ್ 16ರಂದು ರಾಜ್ಯದ ಮೇಲ್ಮನೆ ಖುಲಾಸೆ ಮಾಡಿತು. ಇಡೀ ಪ್ರಕ್ರಿಯೆಯೇ ರಾಜಕೀಯಪ್ರೇರಿತ ಎಂದು ಅವರು ಹೇಳುತ್ತಾರೆ. ಒಂದೇ ಪುಟದಲ್ಲಿ ಎರಡೂ ಕಡೆಯವರಿಗೆ ‘ಸೇಡು’ ಬಳಸಿದರೆ ಓದುವ ಹಿರಿಯರಿಗೆ ಏನು ತಿಳಿಯಬೇಕು?

(ಇಂಪೀಚ್‌ಮೆಂಟ್‌ಗೆ ‘ವಾಗ್ದಂಡನೆ’ ಬಳಸಲಿಲ್ಲ. ಮಾತಿನಲ್ಲಿ ಬೈದು ಬಿಟ್ಟರು ಎಂಬ ಅರ್ಥ ಬರುತ್ತದೆ ಎಂದು ಇಬ್ಬರು ಓದುಗರು ಕಳೆದ ಸಲವೇ ಹೇಳಿದ್ದರು. ‘ಮಹಾಭಿಯೋಗ’ ಎಂದು ಹಾಕಿದ್ದೇನೆ. ಅಟಾರ್ನಿ ಜನರಲ್ ಅನ್ನು ‘ಎ.ಜಿ.’ ಎಂದು ಚಿಕ್ಕದು ಮಾಡಿದ್ದನ್ನೂ ತೆಗೆದೆ. ಎ.ಜಿ. ಆಫೀಸು ಎಂದರೆ ಅಣ್ಣನಿಗೆ ಅಕೌಂಟೆಂಟ್ ಜನರಲ್ ಕಚೇರಿ, ಪಿಂಚಣಿಯ ಲೆಕ್ಕಪತ್ರ. ಜೊತೆಗೆ ನಮ್ಮ ರಾಜ್ಯದ ಅಡ್ವೊಕೇಟ್ ಜನರಲ್ ನೇಮಕವಾಗುವವರು, ಟೆಕ್ಸಸ್‌ನವರು ಜನರಿಂದ ಚುನಾಯಿತರು.)

ಈ ಚುನಾಯಿತ ಎಂಬುದೇ ಕೋರ್ಟಿನಲ್ಲಿ ದೊಡ್ಡ ಪದಚರ್ಚೆಯಾಯಿತು. ಟೆಕ್ಸಸ್‌ನಲ್ಲಿ ಸರ್ಕಾರಿ ನೌಕರರ ರಕ್ಷಣೆಗೆ 1983ರಿಂದ ಕಾನೂನಿದೆ. ಸರ್ಕಾರಿ ಸಂಸ್ಥೆಯೋ ಅಲ್ಲಿನ ‘ಸಾರ್ವಜನಿಕ ನೌಕರ’ನೋ ಕಾನೂನು ಮುರಿದದ್ದನ್ನು ತಕ್ಕ ಅಧಿಕಾರಿಗಳಿಗೆ ಪ್ರಾಮಾಣಿಕ ನಂಬಿಕೆಯಿಂದ ತಿಳಿಸಿದವರನ್ನು ದಂಡಿಸಬಾರದು ಎನ್ನುತ್ತದೆ ಅದು. ಅಟಾರ್ನಿ ಜನರಲ್ ಪರ ವಕೀಲರ ವಾದ: ಅವರು ಚುನಾಯಿತರು, ನೌಕರರಲ್ಲ, ಆದ್ದರಿಂದ ಅವರ ಬಗ್ಗೆ ಕೊಟ್ಟ ವರದಿಗೆ ಈ ರಕ್ಷಣೆ ಇಲ್ಲ. ಒಂದು ಪದದ ಅರ್ಥದ ಮೇಲೆ ನಾಲ್ಕು ಜನರ ಬದುಕು ನಿಂತಿತ್ತು. 2021ರ ಅಕ್ಟೋಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ಆ ವಾದ ಒಪ್ಪಲಿಲ್ಲ. ಇದನ್ನು ಕನ್ನಡಕ್ಕೆ ತರುವಾಗ ‘ಸರ್ಕಾರಿ ನೌಕರ’ ಎಂದರೆ ವಾದವೇ ಅರ್ಥವಾಗುವುದಿಲ್ಲ, ಮಂತ್ರಿಯನ್ನು ನಾವು ಯಾರೂ ನೌಕರ ಎನ್ನುವುದಿಲ್ಲವಲ್ಲ. ‘ಜನಸೇವಕ’ ಎಂದರೆ ವಾದ ತಲೆಕೆಳಗಾಗುತ್ತದೆ, ಏಕೆಂದರೆ ಚುನಾವಣೆಗೆ ನಿಂತವರೆಲ್ಲ ತಮ್ಮನ್ನು ಕರೆದುಕೊಳ್ಳುವುದೇ ಹಾಗೆ. ಸದ್ಯ ‘ಸರ್ಕಾರದ ಸಂಬಳ ತೆಗೆದುಕೊಳ್ಳುವ ಕೆಲಸಗಾರ’ ಎಂದು ಬಿಡಿಸಿ ಬರೆದಿದ್ದೇನೆ.

ಇನ್ನು ದೂರು ಕೊಟ್ಟವರಿಗೆ ಏನೆನ್ನಬೇಕು? ಇಂಗ್ಲಿಷಿನ ವಿಸಲ್‌ಬ್ಲೋವರ್ (ಅಕ್ಷರಶಃ ಸೀಟಿ ಊದುವವ) ಪದಕ್ಕೆ ಈಗಿನ ಗೌರವ ಬಂದದ್ದು 1970ರ ದಶಕದ ಆರಂಭದಲ್ಲಿ. ಗ್ರಾಹಕರ ಪರ ಹೋರಾಟಗಾರ ರಾಲ್ಫ್ ನೇಡರ್ ಅಂಥವರು ಚಾಡಿಕೋರ ಎಂಬರ್ಥದ ಹಳೆಯ ಬೈಗುಳಗಳನ್ನು ಬದಿಗಿಟ್ಟು ಈ ಪದವನ್ನು ಬೇಕೆಂದೇ ಮುಂದೆ ತಂದರು. ನಮ್ಮಲ್ಲಿ ಆ ಕೆಲಸ ಇನ್ನೂ ಆಗಿಲ್ಲ. ‘ಸಿಳ್ಳೆ ಹೊಡೆಯುವವ’ ಎಂದರೆ ಟೆಂಟಿನ ಮುಂದಿನ ಸಾಲಿನ ಹುಡುಗ. ‘ಸೀಟಿ ಊದುವವ’ ಎಂದರೆ ಬಸ್ಸಿನ ಕಂಡಕ್ಟರ್. ‘ಮಾಹಿತಿದಾರ’, ‘ಬಾತ್ಮೀದಾರ’ ಎರಡಕ್ಕೂ ಪೊಲೀಸ್ ಠಾಣೆಯ ಹಿಂಬಾಗಿಲ ನೆನಪಿದೆ. ‘ದೂರುದಾರ’ ತನಗಾದ ನೋವನ್ನು ಹೇಳಿಕೊಳ್ಳುವವನು. ಈ ಎಂಟು ಜನಕ್ಕೆ ತಮಗೆ ಏನೂ ಆಗಿರಲಿಲ್ಲ. ಹಳಗನ್ನಡದಿಂದ ಹುಡುಕಿದರೆ ಸಿಗುವುದು ‘ಪಿಸುಣ’, ಅದೂ ಬೈಗುಳವೇ. ಒಳಗಿದ್ದು ಹೊರಗೆ ಹೇಳಿದವನನ್ನು ನಾವು ವಿಭೀಷಣ, ಮನೆಮುರುಕ ಎಂದೆವು. ಅರಗಿನ ಮನೆಯ ಗುಟ್ಟನ್ನು ಪಾಂಡವರಿಗೆ ಸೂಚಿಸಿದ ವಿದುರನ ಹೆಸರನ್ನು ಮಾತ್ರ ಆ ಕೆಲಸಕ್ಕೆ ಪದ ಮಾಡಿಕೊಳ್ಳಲಿಲ್ಲ. ಅದು ನನಗೆ ನಿಜವಾಗಿ ಬೇಸರದ ಸಂಗತಿ.

ನನಗೆ ಹಿಡಿಸಿದ ಒಂದು ಬೇರು ‘ಹುಯಿಲು’. ಹಳಗನ್ನಡದ ಪುಯ್ಯಲ್. ತುರುಗಳ್ಳರು ಬಂದಾಗ ಊರಿಗೆ ಕೇಳುವಂತೆ ಕೂಗಿಕೊಳ್ಳುವ ಮೊರೆ. ಕೂಗಿದವನು ದನದ ಒಡೆಯನೇ ಆಗಬೇಕಿಲ್ಲ, ಕಂಡವನು ಕೂಗಬೇಕು. ಎಷ್ಟು ಹತ್ತಿರ ಬಂತು ನೋಡಿ! ಆದರೆ ಇವತ್ತು ‘ಹುಯಿಲೆಬ್ಬಿಸಿದ್ದಾರೆ’ ಎಂದರೆ ಇಲ್ಲದ್ದನ್ನು ದೊಡ್ಡದು ಮಾಡಿದ್ದಾರೆ ಎಂದೇ ಅರ್ಥ. ಎತ್ತಿಕೊಂಡು ಹೊಸದಾಗಿ ಬಳಸಿದರೆ ಉಳಿಯುತ್ತದೆಯೇ ಎಂಬ ಆಸೆ ನನಗಿದೆ. ಮತದಾರರ ಟಿಪ್ಪಣಿ ಅದಕ್ಕೆ ಜಾಗವಲ್ಲ.

ಭಾರತದಲ್ಲೂ ಈ ಪದದ ಕೊರತೆ ಕಾಡಿದೆ. ಹೆದ್ದಾರಿ ಕಾಮಗಾರಿಯ ಅಕ್ರಮದ ಬಗ್ಗೆ ಪ್ರಧಾನಿ ಕಚೇರಿಗೆ ಬರೆದು, ಹೆಸರು ಗುಟ್ಟಾಗಿಡಿ ಎಂದು ಕೇಳಿಕೊಂಡಿದ್ದ ಎಂಜಿನಿಯರ್ ಸತ್ಯೇಂದ್ರ ದುಬೆ 2003ರಲ್ಲಿ ಗಯಾದಲ್ಲಿ ಕೊಲೆಯಾದರು. ನಮ್ಮ ಕೋಲಾರ ಚಿನ್ನದ ಗಣಿ ಊರಿನವರಾದ ಮಂಜುನಾಥ್ ಷಣ್ಮುಗಂ 2005ರಲ್ಲಿ ಲಖೀಂಪುರ ಖೇರಿಯಲ್ಲಿ ಪೆಟ್ರೋಲ್ ಕಲಬೆರಕೆ ಹಿಡಿದದ್ದಕ್ಕೆ ಗುಂಡೇಟಿಗೆ ಬಲಿಯಾದರು. 2014ರಲ್ಲಿ ಇಂಥವರ ಸಂರಕ್ಷಣಾ ಕಾಯಿದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು, ಜಾರಿಗೆ ತರುವ ಅಧಿಸೂಚನೆ ವರ್ಷಗಳುರುಳಿದರೂ ಹೊರಡಲಿಲ್ಲ. ಆ ಕಾಯಿದೆಯ ಇಂಗ್ಲಿಷಿನಲ್ಲಿ ಬಳಸಿರುವುದು ಸೇಡಿನ ಪದವಲ್ಲ, ‘ಬಲಿಪಶು ಮಾಡುವುದು’ ಎಂಬರ್ಥದ್ದು. ಅದರಲ್ಲಿ ದೂರು ಕೊಟ್ಟವನ ನಿರ್ದೋಷಿತನ ಉಳಿಯುತ್ತದೆ. ಆದರೆ ಬಲಿಪಶುವಿಗೆ ಬಾಯಿಲ್ಲ. ಇವರು ಬಾಯಿ ಬಿಟ್ಟದ್ದೇ ಇಡೀ ಕತೆ.

ಇದನ್ನೆಲ್ಲ ಹೇಳಿದಾಗ ಅಣ್ಣ ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ ನಾನು ಈವರೆಗೆ ಕೇಳಿರದ ಸಂಗತಿ ಹೇಳಿದರು. ಬಾರದ ಸಿಮೆಂಟನ್ನು ಬಂದಿದೆ ಎಂದು ದಾಸ್ತಾನು ಪುಸ್ತಕದಲ್ಲಿ ಏರಿಸಲು ಒಪ್ಪದೆ, ಮೇಲಿನವರಿಗೆ ಒಂದು ಪತ್ರ ಬರೆದಿದ್ದರಂತೆ. ಆ ವರ್ಷ ಮೂರು ಕಡೆ ವರ್ಗ. ಆದೇಶದಲ್ಲಿ ಮೂರು ಸಲವೂ ಒಂದೇ ಸಾಲು: ‘ಆಡಳಿತಾತ್ಮಕ ಹಿತದೃಷ್ಟಿಯಿಂದ.’ ‘ಆಗ ಆಫೀಸಿನಲ್ಲಿ ಇದಕ್ಕೆ ಏನಂತಿದ್ರಿ ಅಣ್ಣ?’ ಎಂದು ಕೇಳಿದೆ. ‘ಎತ್ತಂಗಡಿ ಅಂತಿದ್ವಿ. ಮೂಲೆಗುಂಪು ಅಂತಿದ್ವಿ. ಯಾಕೆ ಅನ್ನೋದನ್ನ ಯಾರೂ ಬಾಯಲ್ಲಿ ಹೇಳ್ತಿರಲಿಲ್ಲ. ಎಲ್ಲರಿಗೂ ಗೊತ್ತಿರ್ತಿತ್ತು.’

ನನಗೆ ಅನ್ನಿಸುವುದು ಇಷ್ಟು. ನಮ್ಮಲ್ಲಿ ಏನು ಮಾಡಿದರು ಎಂಬುದಕ್ಕೆ ಒಳ್ಳೊಳ್ಳೆಯ ಪದಗಳಿವೆ: ಎತ್ತಂಗಡಿ, ಮೂಲೆಗುಂಪು, ಬಡ್ತಿ ತಡೆಯುವುದು, ಇಲಾಖಾ ವಿಚಾರಣೆ ಹೂಡುವುದು, ನೀರಿಲ್ಲದ ಊರಿಗೆ ಹಾಕುವುದು. ಯಾಕೆ ಮಾಡಿದರು ಎಂಬುದನ್ನು ಒಳಗಿಟ್ಟುಕೊಂಡ ಪದ ಇಲ್ಲ. ಟೆಕ್ಸಸ್ ಕಾನೂನು ಹಿಡಿಯುವುದು ಆ ‘ಯಾಕೆ’ಯನ್ನೇ. ವರದಿ ಕೊಟ್ಟ 90 ದಿನದೊಳಗೆ ನೌಕರನನ್ನು ವಜಾ ಮಾಡಿದರೆ, ಅದು ವರದಿ ಕೊಟ್ಟ ಕಾರಣಕ್ಕೇ ಎಂದು ಮೊದಲು ಭಾವಿಸಲಾಗುತ್ತದೆ. ಅಲ್ಲ ಎಂದು ತೋರಿಸುವ ಹೊಣೆ ಎದುರು ಪಕ್ಷದ್ದು. ‘ಆಡಳಿತಾತ್ಮಕ ಹಿತದೃಷ್ಟಿಯಿಂದ’ ಎಂಬ ಒಂದು ಸಾಲು ಅಲ್ಲಿ ಸಾಲದು.

ಸದ್ಯಕ್ಕೆ ನಾಮಪದದ ಹಂಬಲ ಬಿಟ್ಟು ಕೃದಂತಗಳನ್ನೇ ನೆಚ್ಚಿಕೊಂಡಿದ್ದೇನೆ. ಈಗಿನ ಕರಡು: ‘ತಮ್ಮ ಕಚೇರಿಯಲ್ಲಿ ಕಾನೂನುಬಾಹಿರ ಕೆಲಸ ನಡೆಯುತ್ತಿದೆ ಎಂದು ನಂಬಿ ಎಫ್‌ಬಿಐಗೆ ತಿಳಿಸಿದ ಅಧಿಕಾರಿಗಳಲ್ಲಿ ನಾಲ್ವರನ್ನು, ತಿಳಿಸಿದ ಕಾರಣಕ್ಕೇ ಕಚೇರಿ ದಂಡಿಸಿತು ಎಂದು ಸಿವಿಲ್ ನ್ಯಾಯಾಲಯ 2025ರಲ್ಲಿ ತೀರ್ಪಿತ್ತಿದೆ. ಪ್ಯಾಕ್ಸ್ಟನ್ ಇದನ್ನು ಒಪ್ಪುವುದಿಲ್ಲ. 2023ರಲ್ಲಿ ಟೆಕ್ಸಸ್‌ನ ಮೇಲ್ಮನೆ ಅವರನ್ನು ಮಹಾಭಿಯೋಗದಿಂದ ಖುಲಾಸೆ ಮಾಡಿದೆ.’ ‘ತಿಳಿಸಿದ ಕಾರಣಕ್ಕೇ’ ಎನ್ನುವ ಆ ‘ಏ’ಕಾರದ ಮೇಲೆ ಎಲ್ಲ ಭಾರ ಹಾಕಿದ್ದೇನೆ. ಅದು ಹೊರುತ್ತದೆಯೇ? ‘ದಂಡಿಸಿತು’ ಎಂದಾಗ ಇವರು ತಪ್ಪಿತಸ್ಥರೆಂಬ ಛಾಯೆ ನಿಮಗೂ ಕಾಣುತ್ತದೆಯೇ, ಅಥವಾ ನಾನು ಅತಿಯಾಗಿ ಹೆದರುತ್ತಿದ್ದೇನೆಯೇ?

ಧಾರವಾಡ, ಕಲಬುರಗಿ ಕಡೆಯವರು, ಕರಾವಳಿಯವರು ದಯವಿಟ್ಟು ಹೇಳಿ: ಬಾಯಿ ಬಿಟ್ಟದ್ದಕ್ಕೆ ಮೇಲಿನವರಿಂದ ಪೆಟ್ಟು ತಿಂದವರ ಬಗ್ಗೆ ಮಾತಾಡುವಾಗ ನಿಮ್ಮ ಮನೆಯ ಹಿರಿಯರು ಯಾವ ಮಾತು ಬಳಸುತ್ತಾರೆ? ಅಚ್ಚಿಗೆ ಕೊಡಲು ಇನ್ನು ಎಂಟು ದಿನವಿದೆ. ಅಣ್ಣ ದಿನಾ ಬೆಳಿಗ್ಗೆ ‘ಸಿಕ್ತೇನೋ?’ ಎಂದು ಕೇಳುತ್ತಿದ್ದಾರೆ.