ಪದಚರ್ಚೆ: ಸೈಬರ್ ಕಂಪನಿಗಳು ಸರ್ಕಾರದ ಬಳಿ ಮಾಡುವುದು ‘ಲಾಬಿ’ಯೋ, ‘ಮನವಿ’ಯೋ?

ಬಳಗದ ಎಲ್ಲರಿಗೂ ನಮಸ್ಕಾರ.

ಮಂಗಳೂರಿನ ಪದವಿ ವಿದ್ಯಾರ್ಥಿಗಳಿಗಾಗಿ ಸೈಬರ್ ಲೋಕದ ಬಗ್ಗೆ ಕನ್ನಡದಲ್ಲಿ ಒಂದು ಪಾಠ ಬರೆಯುತ್ತಿದ್ದೇನೆ. ಒಂದು ವಾಕ್ಯಕ್ಕೆ ಕ್ರಿಯಾಪದ ಕೂರುತ್ತಿಲ್ಲ: ‘ಸೈಬರ್ ಸುರಕ್ಷಾ ಕಂಪನಿಗಳು ರಾಷ್ಟ್ರೀಯ ಭದ್ರತಾ ನೀತಿಯ ವಿಚಾರದಲ್ಲಿ ಸರ್ಕಾರದ ಬಳಿ ... ಮಾಡುತ್ತವೆ.’ ಬಿಟ್ಟ ಜಾಗದಲ್ಲಿ ‘ಲಾಬಿ’ ಎಂದು ಬರೆದೆ. ಕರಡು ಓದಿದ ಸಹೋದ್ಯೋಗಿ, ‘ಲಂಚ ಕೊಡ್ತಾರೆ ಅಂತ ನೇರ ಬರೀಬಹುದಲ್ಲ ಮಾರಾಯ್ರೆ’ ಎಂದರು.

ಅವರ ಓದು ಸಹಜವೇ. ನಮ್ಮ ಪತ್ರಿಕೆಗಳಲ್ಲಿ ಲಾಬಿ ಎಂಬುದು ಬರುವುದು ಸಚಿವ ಸ್ಥಾನಕ್ಕೋ ಟಿಕೆಟ್ಟಿಗೋ ದೆಹಲಿಯಲ್ಲಿ ಬೀಡುಬಿಟ್ಟವರ ಸುದ್ದಿಯಲ್ಲಿ. ಇಲ್ಲವೇ ಯಾರ ಹೆಸರೂ ಎತ್ತದೆ ಒಂದು ಗುಂಪನ್ನು ದೂರುವಾಗ: ಮರಳು ಲಾಬಿ, ಟ್ಯಾಂಕರ್ ಲಾಬಿ, ಬಸ್ ಲಾಬಿ. ಅದೇ ಅಡಿಕೆ ಆಮದಿನ ಕನಿಷ್ಠ ದರ ಏರಿಸಿ ಎಂದು ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊದವರು ಕೇಂದ್ರ ಮಂತ್ರಿಗಳನ್ನು ಕಂಡರೆ ಅದು ‘ನಿಯೋಗ’, ಕೊಟ್ಟದ್ದು ‘ಮನವಿ’. 2023ರ ಫೆಬ್ರವರಿಯಲ್ಲಿ ಆ ದರ ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿದಾಗ, ಇದು ಲಾಬಿಯ ಫಲ ಎಂದದ್ದು ನನ್ನ ಕಿವಿಗಂತೂ ಬೀಳಲಿಲ್ಲ. (ನಮ್ಮದೂ ನಾಲ್ಕು ಅಡಿಕೆ ಮರ ಇದೆ, ನನಗೇನೂ ತಕರಾರಿಲ್ಲ.) ನಮ್ಮವರು ಹೋದರೆ ಮನವಿ, ಬೇರೆಯವರು ಹೋದರೆ ಲಾಬಿ. ಪಾಠದಲ್ಲಿ ನನಗೆ ಬೇಕಿರುವುದು ಎರಡೂ ಅಲ್ಲದ ಪದ.

‘ವಶೀಲಿ’ ಇದೆ, ರುಚಿಯೂ ಇದೆ. ಆದರೆ ವಶೀಲಿಗೆ ರಸೀದಿ ಇರುವುದಿಲ್ಲ. ಅಮೆರಿಕದಲ್ಲಿ 1995ರ ಕಾನೂನಿನ ಪ್ರಕಾರ, ಹಣ ಪಡೆದು ಸಂಸದರನ್ನೂ ಅಧಿಕಾರಿಗಳನ್ನೂ ಕಂಡು ಮಾತಾಡುವುದನ್ನೇ ಕೆಲಸ ಮಾಡಿಕೊಂಡವರು ಹೆಸರು ನೋಂದಾಯಿಸಬೇಕು. ಯಾರ ಪರವಾಗಿ, ಯಾವ ವಿಷಯಕ್ಕೆ, ಎಷ್ಟು ಹಣ ಎಂದು ಈಗ ಮೂರು ತಿಂಗಳಿಗೊಮ್ಮೆ ವರದಿ ಕೊಡಬೇಕು. ಅವರನ್ನು ‘ನೋಂದಾಯಿತ ವಶೀಲಿಗಾರ’ ಎಂದರೆ ಹುಡುಗರು ನಕ್ಕುಬಿಡುತ್ತಾರೆ. ಅಂಥದೇ ವರದಿಯಲ್ಲಿ ಅಲ್ಲಿನ ಚಿಲ್ಲರೆ ಮಾರಾಟ ಕಂಪನಿ ವಾಲ್‌ಮಾರ್ಟ್ ಭಾರತದಲ್ಲಿ ವಿದೇಶಿ ಹೂಡಿಕೆಯ ವಿಷಯವನ್ನೂ ಕಾಣಿಸಿತ್ತು. 2012ರ ಡಿಸೆಂಬರಿನಲ್ಲಿ ಅದು ಇಲ್ಲಿ ಸುದ್ದಿಯಾಗಿ ಸಂಸತ್ತಿನಲ್ಲಿ ಗದ್ದಲವೆದ್ದಿತು, ನಿವೃತ್ತ ನ್ಯಾಯಮೂರ್ತಿ ಮುಕುಲ್ ಮುದ್ಗಲ್ ಅವರಿಂದ ವಿಚಾರಣೆಯೂ ನಡೆಯಿತು. ಅಲ್ಲಿ ಅರ್ಜಿ ನಮೂನೆಯ ಒಂದು ಕಾಲಮ್, ಇಲ್ಲಿ ಹಗರಣ. ಇಂಥ ನೋಂದಣಿಗೆ ನಮ್ಮಲ್ಲಿ ಕಾನೂನೇ ಇಲ್ಲದಿರುವಾಗ ಪದ ಹುಟ್ಟುವುದಾದರೂ ಎಲ್ಲಿಂದ?

ನನ್ನ ಪಾಠದ ಮುಖ್ಯ ಉದಾಹರಣೆ ವಾಸೆನಾರ್ ಒಪ್ಪಂದದ್ದು; ಆಯುಧಗಳ ಮತ್ತು ಸೇನೆಗೂ ಬಳಸಬಹುದಾದ ಸರಕುಗಳ ರಫ್ತಿಗೆ ಕಡಿವಾಣ ಹಾಕಲು ಹಲವು ದೇಶಗಳು ಕಟ್ಟಿಕೊಂಡ ಕೂಟ ಅದು. ಬೇಹು ತಂತ್ರಾಂಶಗಳು ದಬ್ಬಾಳಿಕೆಯ ಸರ್ಕಾರಗಳ ಕೈಸೇರದಿರಲಿ ಎಂದು 2013ರ ಡಿಸೆಂಬರಿನಲ್ಲಿ ಆ ಕೂಟದ ದೇಶಗಳು ‘ನುಸುಳುವ ತಂತ್ರಾಂಶ’ಕ್ಕೆ ಸಂಬಂಧಿಸಿದ ಸಾಧನಗಳನ್ನು ರಫ್ತು ನಿಯಂತ್ರಣದ ಪಟ್ಟಿಗೆ ಸೇರಿಸಿದವು. 2015ರ ಮೇ ತಿಂಗಳಲ್ಲಿ ಅಮೆರಿಕದ ವಾಣಿಜ್ಯ ಇಲಾಖೆ ಹೊರಡಿಸಿದ ಕರಡು ನಿಯಮ ಎಷ್ಟು ಅಗಲವಾಗಿತ್ತೆಂದರೆ, ಗಿರಾಕಿಯ ಜಾಲದಲ್ಲಿ ತೂತು ಹುಡುಕುವ ಪರೀಕ್ಷಾ ಸಾಧನವನ್ನು ಗಡಿ ದಾಟಿಸಲೂ ಪರವಾನಗಿ ಬೇಕಾಗುತ್ತಿತ್ತು. ಸಿಮ್ಯಾಂಟೆಕ್‌ನಂಥ ಸೈಬರ್ ಸುರಕ್ಷಾ ಕಂಪನಿಗಳು ಒಕ್ಕೂಟ ಕಟ್ಟಿಕೊಂಡು ವಿರೋಧಿಸಿದವು, ಸಂಶೋಧಕರೂ ದನಿಗೂಡಿಸಿದರು. ಅಮೆರಿಕ ಆ ಕರಡನ್ನು ಕೈಬಿಟ್ಟು ವಾಸೆನಾರ್‌ನಲ್ಲೇ ಮತ್ತೆ ಮಾತುಕತೆಗೆ ಕೂತಿತು. 2017ರ ಡಿಸೆಂಬರಿನಲ್ಲಿ ಪಟ್ಟಿಯ ಮಾತುಗಳು ಬದಲಾದವು. ಭಾರತ ಆ ಕೂಟ ಸೇರಿದ್ದೂ ಅದೇ ತಿಂಗಳು.

ಇಲ್ಲಿ ನಡೆದದ್ದನ್ನು ಬಿಡಿಸಿ ನೋಡಿದರೆ ಕನ್ನಡ ಅಷ್ಟೇನೂ ಬಡವಲ್ಲ. ಕರಡಿಗೆ ಬರಹದಲ್ಲಿ ಉತ್ತರ ಕೊಟ್ಟದ್ದು ‘ಆಕ್ಷೇಪಣೆ ಸಲ್ಲಿಕೆ’; ಗೆಜೆಟ್ಟಿನ ಕರಡು ಅಧಿಸೂಚನೆ ಓದಿದವರಿಗೆಲ್ಲ ಗೊತ್ತಿರುವ ಮಾತು. ಜನಪ್ರತಿನಿಧಿಗಳನ್ನು ಕಂಡು ತಮ್ಮ ಕಡೆಗೆ ಒಲಿಸಿಕೊಂಡರೆ ‘ಮನವೊಲಿಕೆ’. ಇಂಗ್ಲಿಷಿನವರು ಎಲ್ಲವನ್ನೂ ಒಂದೇ ಪದದಲ್ಲಿ ತುರುಕಿದ್ದಾರೆಂದು ನಾವೂ ಒಂದೇ ಪದ ಹುಡುಕಬೇಕೆ ಎಂಬುದು ನನ್ನ ಅನುಮಾನ.

ನಮ್ಮ ದೇಶದ ಉದಾಹರಣೆಯೂ ಹೀಗೆಯೇ. ಸೈಬರ್ ದಾಳಿಯಾದರೆ 6 ಗಂಟೆಯೊಳಗೆ ವರದಿ ಮಾಡಬೇಕು, ಅಂತರ್ಜಾಲದಲ್ಲಿ ಬಳಕೆದಾರರ ಗುರುತು ಮರೆಮಾಡುವ ವಿಪಿಎನ್ ಕಂಪನಿಗಳು ಗಿರಾಕಿಗಳ ವಿವರವನ್ನು 5 ವರ್ಷ ಇಟ್ಟುಕೊಳ್ಳಬೇಕು ಎಂದು 2022ರ ಏಪ್ರಿಲ್ 28ರಂದು ಸೈಬರ್ ದಾಳಿಗಳನ್ನು ನಿಭಾಯಿಸುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ ನಿರ್ದೇಶನ ಹೊರಡಿಸಿತು. 72 ಗಂಟೆ ಕೊಡಿ ಎಂದು ವಿದೇಶಿ ಉದ್ಯಮ ಸಂಘಗಳು ಒಟ್ಟಾಗಿ ಪತ್ರ ಬರೆದವು. 6 ಗಂಟೆ ಹಾಗೇ ಉಳಿಯಿತು. ವಿಪಿಎನ್ ಕಂಪನಿಗಳಿಗೂ ಸಣ್ಣ ಉದ್ದಿಮೆಗಳಿಗೂ ಸೆಪ್ಟೆಂಬರ್ 25ರವರೆಗೆ ಸಮಯ ಸಿಕ್ಕಿತು. ಕೆಲವು ವಿಪಿಎನ್ ಕಂಪನಿಗಳು ಸರ್ವರುಗಳನ್ನೇ ಭಾರತದಿಂದ ತೆಗೆದವು. ಪತ್ರ ಬರೆದದ್ದಕ್ಕೆ ನಾನು ‘ಒತ್ತಾಯಿಸಿದವು’ ಎಂದಿದ್ದೇನೆ. ‘ಒತ್ತಡ ಹೇರಿದವು’ ಎಂದರೆ ಪತ್ರದಲ್ಲಿಲ್ಲದ ಬೆದರಿಕೆಯನ್ನು ನಾನೇ ಸೇರಿಸಿದಂತೆ.

ಯಾರಾದರೂ ‘ಮೊಗಸಾಲೆ’ ಎನ್ನುವ ಮುಂಚೆ: ಹೌದು, ಲಾಬಿಯ ಮೂಲಾರ್ಥ ಅದೇ, ವಿಧಾನಸಭೆಯ ಮೊಗಸಾಲೆ ಎಂದು ಪತ್ರಿಕೆಗಳೂ ಬರೆಯುತ್ತವೆ. ಆದರೆ ‘ಮೊಗಸಾಲೆಗಾರಿಕೆ’ಯನ್ನು ತರಗತಿಯಲ್ಲಿ ವಿವರಿಸುವಷ್ಟರಲ್ಲಿ ಗಂಟೆ ಹೊಡೆದಿರುತ್ತದೆ.

ಸುರಕ್ಷತೆ, ಭದ್ರತೆ ಎಂಬೆರಡನ್ನು ನಾನು ಬೇರೆಬೇರೆಯಾಗಿ ಬಳಸಿರುವುದನ್ನು ಗಮನಿಸಿರಬಹುದು. ಕಂಪನಿ ಮಾರುವುದು ಸುರಕ್ಷತೆ, ದೇಶದ್ದು ಭದ್ರತೆ. ಎರಡಕ್ಕೂ ‘ಭದ್ರತೆ’ ಎಂದರೆ ಕಂಪನಿಯ ಸರಕೂ ದೇಶದ ಹಿತವೂ ಒಂದೇ ಎಂದು ಕೇಳಿಸುತ್ತದೆ. ಕಂಪನಿಗಳಿಗೆ ಬೇಕಿರುವುದೂ ಅದೇ. ‘ಸೈಬರ್ ಭದ್ರತೆ’ ಈಗಾಗಲೇ ರೂಢಿಯಾಗಿದೆ, ಬದಲಿಸಬೇಡಿ ಎನ್ನುವವರು ಕಾರಣ ತಿಳಿಸಿ.

ಇನ್ನು ಈ ಕೆಲಸ ಮಾಡುವ ಮನುಷ್ಯನಿಗೆ ಏನೆನ್ನುವುದು? ‘ವಕಾಲತ್ತು ವಹಿಸುವವರು’ ಎಂದರೆ ಕೋರ್ಟಿನ ಹೊರಗೆ ಅದು ಕುಹಕ. ಕಂಪನಿಗಳ ಬಾಯಲ್ಲಿ ಅವರು ‘ಸಾರ್ವಜನಿಕ ನೀತಿ ವಿಭಾಗ’ದವರು, ಇದೋ, ತೀರಾ ತೊಳೆದಿಟ್ಟ ಹೆಸರು. 1881ರಲ್ಲಿ ಶುರುವಾದ ಮೈಸೂರು ಪ್ರಜಾಪ್ರತಿನಿಧಿ ಸಭೆಯಲ್ಲಿ ವ್ಯಾಪಾರಿಗಳೂ ಇದ್ದರು. ಅದರ ಹಳೆಯ ಕನ್ನಡ ನಡವಳಿಗಳನ್ನು ಓದಿದವರು ಬಳಗದಲ್ಲಿದ್ದರೆ, ವ್ಯಾಪಾರಿಗಳ ಪರವಾಗಿ ಸರ್ಕಾರದ ಮುಂದೆ ಮಾತಾಡುವವರನ್ನು ಏನೆಂದು ಕರೆಯುತ್ತಿದ್ದರು ಎಂದು ದಯವಿಟ್ಟು ಬರೆಯಿರಿ.